ಬೈ-ಟೂ ಕಾಫಿಗೆ ಬಟನ್ ಎಲ್ಲಿದೆ?

ಹೋಟೆಲ್ ಬಾಗಿಲಲ್ಲಿ ಆಳೆತ್ತರದ ಸ್ಕ್ರೀನ್ ನಿಂತಿರುವುದು ಈಗ ಯಾರಿಗೂ ಹೊಸತಲ್ಲ. ಮಾಲ್‌ನ ಬರ್ಗರ್ ಅಂಗಡಿಯಲ್ಲಿ ನೋಡಿದ್ದು ಮೆಲ್ಲಗೆ ಹೈವೇ ಪಕ್ಕದ ಇಡ್ಲಿ-ವಡೆ ಹೋಟೆಲ್‌ಗೂ ಬಂತು. ಬೆರಳಿಟ್ಟು ತಿಂಡಿ ಆರಿಸೋದು, ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಟ್ಟೋದು, ಹೊರಬಂದ ಚೀಟಿ ಹರ್ಕೊಂಡು ಕೌಂಟರ್‌ಗೆ ಹೋಗೋದು. ಇದರ ಹೆಸರು ಕಿಯೋಸ್ಕ್.

ಸಾಫ್ಟ್‌ವೇರ್ ಬರೆಯೋದೇ ಕೆಲಸವಾದ್ದರಿಂದ ಎಲ್ಲಿ ಸ್ಕ್ರೀನ್ ಕಂಡರೂ ‘ಇದು ಯಾರ ತೊಂದರೆ ನೀಗಿಸೋಕೆ ಬಂದಿದೆ?’ ಅಂತ ನೋಡೋ ಚಾಳಿ ನನಗೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ. ಬೆಂಗಳೂರಿನ ಪಕ್ಕದ ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುವಾಗ ಈ ಪ್ರಶ್ನೆಗೆ ಸಿಗೋ ಉತ್ತರ ಒಂದೊಂದು ಕಡೆ ಒಂದೊಂದು ಥರ. ಒಂದು ಕಡೆ ಕಿಯೋಸ್ಕ್ ನಿಜಕ್ಕೂ ಉಪಕಾರಿ. ಇನ್ನೊಂದು ಕಡೆ ಬರೀ ಅಲಂಕಾರ. ಮತ್ತೊಂದು ಕಡೆ ಬಂದ ಗಿರಾಕಿಯನ್ನೇ ವಾಪಸ್ ಕಳಿಸೋ ಯಂತ್ರ.

ಸೆಲ್ಫ್ ಸರ್ವಿಸ್ ನಮಗೆ ಹೊಸದಾ?

ಖಂಡಿತ ಅಲ್ಲ. ಬೆಂಗಳೂರಿಗರು ಈ ವಿಷಯದಲ್ಲಿ ನಲವತ್ತು ವರ್ಷ ಸೀನಿಯರ್. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದಾಗ ಆಗಿದ್ದು ಇದೇ. ಅಲ್ಲಿವರೆಗೂ ಹೋಟೆಲ್ ಅಂದ್ರೆ ಕೂತ್ಕೊಳ್ಳೋದು, ಸಪ್ಲೈಯರ್ ಬಂದು ಒಂದೇ ಉಸಿರಲ್ಲಿ ಹದಿನೈದು ತಿಂಡಿ ಹೆಸರು ಹೇಳೋದು, ಅಡುಗೆಮನೆ ಕಡೆ ತಿರುಗಿ ಆರ್ಡರ್ ಕೂಗೋದು. ದರ್ಶಿನಿ ಬಂದ ಮೇಲೆ ಮೊದಲು ದುಡ್ಡು, ಆಮೇಲೆ ಚೀಟಿ, ನಿಂತ್ಕೊಂಡೇ ತಿಂಡಿ. ಸಪ್ಲೈಯರ್ ಹೋದರು, ಜಾಗ ಉಳಿಯಿತು, ಬೆಲೆ ಇಳಿಯಿತು, ಆಟೋ ಡ್ರೈವರ್ ಮತ್ತು ಬ್ಯಾಂಕ್ ಮ್ಯಾನೇಜರ್ ಒಂದೇ ಸ್ಟೀಲ್ ಟೇಬಲ್ಲಿಗೆ ಬಂದರು.

ಹೊರಗಿನ ಪ್ರಪಂಚ ಇದಕ್ಕಿಂತ ಇನ್ನೂ ಹಿಂದೆಯೇ ಇದನ್ನು ನೋಡಿತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1902ರಲ್ಲೇ ಹಾರ್ನ್ ಆ್ಯಂಡ್ ಹಾರ್ಡರ್ಟ್ ಕಂಪನಿ ‘ಆಟೋಮ್ಯಾಟ್’ ತೆರೆಯಿತು. ಗೋಡೆ ತುಂಬ ಪುಟ್ಟ ಗಾಜಿನ ಬಾಗಿಲುಗಳು. ನಾಣ್ಯ ಹಾಕಿ ಬಾಗಿಲು ತೆಗೆದರೆ ಒಳಗೆ ತಿಂಡಿ. ಯಂತ್ರವೇ ಊಟ ಕೊಡುತ್ತೆ ಅಂತ ಜನ ಬೆರಗಾದರು. ಆದರೆ ಗೋಡೆಯ ಹಿಂದೆ ಆಳುಗಳು ನಿಂತು ಖಾಲಿಯಾದ ಗೂಡುಗಳನ್ನು ತುಂಬಿಸ್ತಾನೇ ಇದ್ದರು. ಕೊನೆಯ ಆಟೋಮ್ಯಾಟ್ ನ್ಯೂಯಾರ್ಕ್‌ನಲ್ಲಿ 1991ರಲ್ಲಿ ಮುಚ್ಚಿತು.

ಅಂದರೆ ದರ್ಶಿನಿ ತೆಗೆದದ್ದು ಸಪ್ಲೈಯರ್‌ನ. ಕಿಯೋಸ್ಕ್ ತೆಗೆಯೋಕೆ ಹೊರಟಿರೋದು ಕ್ಯಾಶಿಯರ್‌ನ. ಇವೆರಡೂ ಒಂದೇ ಅಲ್ಲ. ಸಪ್ಲೈಯರ್ ಹೋದಾಗ ನಾವು ಕಾಲಲ್ಲಿ ನಡೆದು ಆ ಕೆಲಸ ಮಾಡಿದೆವು, ಅದು ಎಲ್ಲರಿಗೂ ಬರುತ್ತೆ. ಕ್ಯಾಶಿಯರ್ ಹೋದರೆ ಆ ಕೆಲಸ ಮಾಡೋಕೆ ಓದು ಬೇಕು, ಸ್ಮಾರ್ಟ್‌ಫೋನ್ ಬೇಕು, ಖಾತೆಯಲ್ಲಿ ದುಡ್ಡು ಬೇಕು, ಬಹಳ ಸಲ ಇಂಗ್ಲಿಷೂ ಬೇಕು.

ಮೊದಲು ಕ್ಯೂ ಎಲ್ಲಿದೆ ನೋಡಿ

‘ಕ್ಯೂ ತಪ್ಪಿಸೋಕೆ ಕಿಯೋಸ್ಕ್ ಹಾಕಿದೀವಿ’ ಅಂತ ಹೋಟೆಲ್‌ನವರು ಹೇಳ್ತಾರೆ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಬೆಳಗ್ಗೆ ಎಂಟೂವರೆ. ದರ್ಶಿನಿ ಕೌಂಟರ್. ‘ಎರಡು ಇಡ್ಲಿ ಒಂದು ವಡೆ, ಸಾಂಬಾರ್ ಸಪರೇಟ್, ಒಂದು ಕಾಫಿ.’ ದಿನಾ ಬರೋ ಗಿರಾಕಿ ಇಷ್ಟು ಹೇಳಿ, ದುಡ್ಡು ಕೊಟ್ಟು ಚೀಟಿ ತಗೊಳ್ಳೋಕೆ ಹತ್ತು ಸೆಕೆಂಡ್ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ ಆರು ಜನ. ಅದೇ ಮನುಷ್ಯ ಕಿಯೋಸ್ಕ್ ಮುಂದೆ ನಿಂತರೆ? ‘ಇಲ್ಲೇ ತಿನ್ನೋದಾ, ಪಾರ್ಸೆಲ್ಲಾ’ ಒಂದು ಸ್ಕ್ರೀನ್. ‘ಟಿಫನ್’ ಒತ್ತಿದರೆ ಫೋಟೋಗಳ ರಾಶಿ. ಇಡ್ಲಿ ಸೇರಿಸಿ, ಸಂಖ್ಯೆ ಎರಡು ಮಾಡಿ, ಹಿಂದೆ ಹೋಗಿ ಕಾಫಿ ಹುಡುಕಿ, ‘ಇದರ ಜೊತೆ ಕೇಸರಿಬಾತ್ ಬೇಕಾ’ ಅನ್ನೋದಕ್ಕೆ ಬೇಡ ಅಂದು, ಫೋನ್ ನಂಬರ್ ಸ್ಕಿಪ್ ಮಾಡಿ, ಕ್ಯೂಆರ್ ಬರೋವರೆಗೆ ಕಾದು, ಸ್ಕ್ಯಾನ್ ಮಾಡಿ, ಪಿನ್ ಹಾಕಿ. ಎಷ್ಟೇ ಚುರುಕಾಗಿ ಮಾಡಿದರೂ ಒಂದು ನಿಮಿಷ ಬೇಕು. ಅಂದರೆ ಒಬ್ಬ ಒಳ್ಳೇ ಕ್ಯಾಶಿಯರ್‌ಗೆ ಸಮ ಆಗಬೇಕಾದರೆ ಆರು ಕಿಯೋಸ್ಕ್ ಬೇಕು! ದರ್ಶಿನಿಗಳಲ್ಲಿ ಅಷ್ಟು ಜಾಗ ಇದ್ದಿದ್ದರೆ ನಾವು ಯಾಕೆ ನಿಂತ್ಕೊಂಡು ತಿಂತಿದ್ವಿ ಹೇಳಿ.

ಈಗ ಹೊಸಕೋಟೆಗೆ ಬನ್ನಿ. ಭಾನುವಾರ ಬೆಳಕು ಹರಿಯೋ ಮೊದಲೇ ದಮ್ ಬಿರಿಯಾನಿಗೆ ನಿಲ್ಲೋ ಕ್ಯೂ ಗೊತ್ತೇ ಇದೆಯಲ್ಲ. ಬೆಂಗಳೂರಿಂದ ನಸುಕಿನಲ್ಲಿ ಎದ್ದು ಕಾರು ಬೈಕು ಹತ್ತಿ ಬರ್ತಾರೆ. ಅಲ್ಲಿ ಕಿಯೋಸ್ಕ್ ಹಾಕಿದರೆ ಕ್ಯೂ ಕಮ್ಮಿ ಆಗುತ್ತಾ? ಆಗಲ್ಲ. ಯಾಕಂದ್ರೆ ಅಲ್ಲಿ ತಡ ಆಗ್ತಿರೋದು ಬಿಲ್ ಮಾಡೋದರಲ್ಲಿ ಅಲ್ಲ, ಹಂಡೆಯಲ್ಲಿ. ಸೌದೆ ಒಲೆ ಮೇಲೆ ದಮ್ ಆಗೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು. ಕಿಯೋಸ್ಕ್ ಹಾಕಿದರೆ ಬಿಲ್ ಹಿಡಿಯದೆ ನಿಂತಿದ್ದವರು ಬಿಲ್ ಹಿಡ್ಕೊಂಡು ನಿಲ್ತಾರೆ, ವ್ಯತ್ಯಾಸ ಅಷ್ಟೇ. ಅದೂ ದುಡ್ಡು ಕೊಟ್ಟಾದ ಮೇಲೆ ಕಾಯೋ ಸಿಟ್ಟು ಇನ್ನೂ ಜಾಸ್ತಿ.

ಎಂಜಿನಿಯರಿಂಗ್ ಓದಿದವರಿಗೆ ‘ಲಿಟಲ್ಸ್ ಲಾ’ ನೆನಪಿರಬಹುದು. ಜಾನ್ ಲಿಟಲ್ ಅನ್ನೋ ಪ್ರೊಫೆಸರ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ಒಳಗಿರುವ ಜನರ ಸರಾಸರಿ ಸಂಖ್ಯೆ ಅಂದರೆ, ಜನ ಬರುವ ವೇಗ ಗುಣಿಸು ಒಬ್ಬೊಬ್ಬರು ಒಳಗೆ ಕಳೆಯುವ ಸಮಯ. ಕಿಯೋಸ್ಕ್ ಆರ್ಡರ್ ತಗೊಳ್ಳೋ ವೇಗ ಹೆಚ್ಚಿಸಿ, ದೋಸೆ ಹೆಂಚು ಮಾತ್ರ ಅಷ್ಟೇ ಇದ್ದರೆ, ಗುಂಪು ಬಿಲ್ ಕೌಂಟರ್‌ನಿಂದ ದೋಸೆ ಕೌಂಟರ್‌ಗೆ ಜರುಗುತ್ತೆ.

ಹೊಸಕೋಟೆಯಂಥ ಕಡೆ ನಿಜವಾಗಿ ಬೇಕಿರೋ ಸ್ಕ್ರೀನ್ ಬೇರೆ. ‘ಇನ್ನು ಇಷ್ಟು ಪ್ಲೇಟ್ ಮಟನ್ ಉಳಿದಿದೆ’ ಅಂತ ಕ್ಯೂನ ಕೊನೆಯಲ್ಲಿ ನಿಂತವರಿಗೆ ಕಾಣುವ ಒಂದು ಬೋರ್ಡ್. ಒಂದು ಗಂಟೆ ಕಾದು, ಮುಂದೆ ಹೋದ ಮೇಲೆ ‘ಖಾಲಿ ಸಾರ್’ ಅನ್ನಿಸಿಕೊಂಡವರಿಗೆ ಗೊತ್ತು ಅದರ ಬೆಲೆ.

ರಾತ್ರಿ ಎರಡು ಗಂಟೆಗೆ ದೇವನಹಳ್ಳಿಯಲ್ಲಿ

ಹಾಗಾದರೆ ಕಿಯೋಸ್ಕ್ ದಂಡವಾ? ಇಲ್ಲ. ಅದರ ನಿಜವಾದ ಉಪಯೋಗ ನೋಡಬೇಕಾದರೆ ಉಳ್ಕೊಳ್ಳೋ ಹೋಟೆಲ್‌ಗೆ ಬರಬೇಕು. ನಮ್ಮ ಮಾತಲ್ಲಿ ಲಾಡ್ಜ್.

ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. 2024-25ರಲ್ಲಿ ಅಲ್ಲಿ ಓಡಾಡಿದ ಪ್ರಯಾಣಿಕರು 4 ಕೋಟಿಗೂ ಹೆಚ್ಚು. ವಿದೇಶದ ಎಷ್ಟೋ ವಿಮಾನಗಳು ಬಂದು ಹೋಗೋದೇ ನಡುರಾತ್ರಿ ಮೇಲೆ. ಸುತ್ತಮುತ್ತ ಎದ್ದ ಹೋಟೆಲ್‌ಗಳಿಗೆ ರಾತ್ರಿ ಎರಡು ಗಂಟೆಗೆ ಒಟ್ಟಿಗೆ ಏಳೆಂಟು ಜನ ಬಂದು ನಿಂತರೆ ರಿಸೆಪ್ಷನ್‌ನಲ್ಲಿ ಇರೋದು ಒಬ್ಬನೇ ಹುಡುಗ, ಅರೆನಿದ್ದೆಯಲ್ಲಿ. ಬುಕಿಂಗ್ ನಂಬರ್ ಹಾಕಿ, ಗುರುತಿನ ಚೀಟಿ ಸ್ಕ್ಯಾನ್ ಮಾಡಿ, ಬಾಕಿ ಕಟ್ಟಿ, ರೂಮಿನ ಕಾರ್ಡ್ ತಗೊಂಡು ಹೋಗೋ ಯಂತ್ರ ಅಲ್ಲಿದ್ದರೆ ಅದು ಉಪಕಾರವೇ. ಇಲ್ಲಿ ಕ್ಯೂ ನಿಜವಾಗಿಯೂ ಕೌಂಟರ್‌ನಲ್ಲೇ ಇದೆ.

ಇನ್ನೊಂದು ಅನುಕೂಲವನ್ನು ನನ್ನ ಸಹೋದ್ಯೋಗಿಯೊಬ್ಬಳು ಹೇಳಿದಳು. ಒಬ್ಬಳೇ ಹೋದಾಗ ‘ಜೊತೆಗೆ ಯಾರೂ ಇಲ್ವಾ ಮೇಡಂ?’ ಅಂತ ಯಂತ್ರ ಕೇಳಲ್ಲ. ರೂಮ್ ನಂಬರ್ ಲಾಬಿಯಲ್ಲಿ ಕೂತವರಿಗೆಲ್ಲ ಕೇಳೋ ಹಾಗೆ ಕೂಗಲ್ಲ. ನಾನು ಗಮನಿಸದೇ ಇದ್ದ ವಿಷಯ ಇದು. ಹಾಗೇ ಕಿವಿ ಕೇಳದವರು, ಮಾತು ಬಾರದವರು, ಜನರ ಮುಂದೆ ತೊದಲಿಬಿಡ್ತೀನೇನೋ ಅಂತ ಹಿಂಜರಿಯುವವರು, ಊರಿನ ಭಾಷೆ ಬಾರದವರು – ಇವರಿಗೆಲ್ಲ ಚಿತ್ರ ತೋರಿಸೋ ಸ್ಕ್ರೀನ್ ದೊಡ್ಡ ನೆಮ್ಮದಿ. ಮೆನು ಉದ್ದ ಇದ್ದು, ‘ಈರುಳ್ಳಿ ಬೇಡ, ಚೀಸ್ ಡಬಲ್’ ಅನ್ನೋ ಥರದ ಆರ್ಡರ್ ಇದ್ದರೂ ಅಷ್ಟೇ. ಹಿಂದೆ ನಿಂತವರ ಗೊಣಗಾಟ ಇಲ್ಲ, ಬಿಲ್‌ನಲ್ಲಿ ತಪ್ಪಿಲ್ಲ.

ಆದರೆ ಲಾಡ್ಜ್ ಕಿಯೋಸ್ಕ್‌ನ ಕಷ್ಟ ಕಣ್ಣಿಗೆ ಕಾಣೋ ಸ್ಕ್ರೀನ್‌ನಲ್ಲಿಲ್ಲ. ಅದರ ಹಿಂದೆ ಕೊನೆಪಕ್ಷ ಮೂರು ಬೇರೆಬೇರೆ ಸಿಸ್ಟಮ್‌ಗಳು ಪರಸ್ಪರ ಮಾತಾಡಬೇಕು. ಯಾವ ರೂಮ್ ಖಾಲಿ, ಯಾವುದು ಕ್ಲೀನ್ ಆಗಿದೆ ಅಂತ ಹೇಳೋದು ಒಂದು. ದುಡ್ಡು ಬಂತಾ ಅಂತ ಹೇಳೋದು ಇನ್ನೊಂದು. ಬಾಗಿಲಿನ ಬೀಗಕ್ಕೆ ಹೊಂದುವ ಕಾರ್ಡ್ ಬರೆಯೋದು ಮೂರನೆಯದು. ಮೂರೂ ಮೂರು ಕಂಪನಿಯವು. ಒಂದು ಮುನಿಸಿಕೊಂಡರೂ ಗಿರಾಕಿ ಲಗೇಜ್ ಸಮೇತ ಕಾರಿಡಾರ್‌ನಲ್ಲಿ.

ಅದರ ಮೇಲೆ ಕಾನೂನು. ಅತಿಥಿಯ ಗುರುತು ದಾಖಲಿಸಲೇಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಜಪಾನಿನ ಹೆನ್ ನಾ ಹೋಟೆಲ್ ಕತೆ ಇಲ್ಲಿ ನೆನಪಾಗುತ್ತೆ. 2015ರಲ್ಲಿ ನಾಗಸಾಕಿ ಪ್ರಾಂತ್ಯದಲ್ಲಿ ರೋಬಾಟ್‌ಗಳೇ ನಡೆಸುವ ಹೋಟೆಲ್ ಅಂತ ಶುರುವಾಯಿತು, ರಿಸೆಪ್ಷನ್‌ನಲ್ಲಿ ಡೈನೋಸಾರ್ ರೋಬಾಟ್! ಆದರೆ ಅತಿಥಿಗಳ ಪಾಸ್‌ಪೋರ್ಟ್ ನಕಲು ತೆಗೆಯೋಕೆ ಮನುಷ್ಯರೇ ಓಡಿ ಬರಬೇಕಾಗಿತ್ತು. ಕೋಣೆಯ ಪುಟ್ಟ ರೋಬಾಟ್ ಗೊರಕೆಯನ್ನೇ ಪ್ರಶ್ನೆ ಅಂದ್ಕೊಂಡು ಮಲಗಿದವರನ್ನು ಎಬ್ಬಿಸ್ತಿತ್ತು. 2019ರ ಹೊತ್ತಿಗೆ ಇದ್ದ 243 ರೋಬಾಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ತೆಗೆದೇಬಿಟ್ಟರು.

ವಿಮಾನ ನಿಲ್ದಾಣದ ಚೆಕ್-ಇನ್ ಕಿಯೋಸ್ಕ್ ಮಾತ್ರ ಯಾಕೆ ಚೆನ್ನಾಗಿ ನಡೆಯುತ್ತೆ? ಅಲ್ಲಿ ಕೇಳೋದು ಒಂದೇ, ಆರಕ್ಷರದ ಪಿಎನ್‌ಆರ್. ಜೊತೆಗೆ ತಬ್ಬಿಬ್ಬಾದವರ ಪಕ್ಕಕ್ಕೆ ಬಂದು ‘ಕೊಡಿ ಸಾರ್, ನಾನು ಮಾಡಿಕೊಡ್ತೀನಿ’ ಅನ್ನೋಕೆ ಒಬ್ಬರು ಇರ್ತಾರೆ. ಇದು ಬಹಳ ಮುಖ್ಯ. ಕಿಯೋಸ್ಕ್ ಹಾಕಿದ ಬಹುತೇಕ ಹೋಟೆಲ್‌ಗಳು ಯಂತ್ರವನ್ನು ತಂದವು, ಆ ಮನುಷ್ಯನನ್ನು ತರಲಿಲ್ಲ.

ನೂರರ ನೋಟು ಹಿಡಿದು ನಿಂತವರು

ಕೆಲವು ತಿಂಗಳ ಹಿಂದೆ ನೆಲಮಂಗಲ ದಾಟಿದ ಮೇಲೆ ಒಂದು ಹೈವೇ ಹೋಟೆಲ್‌ನಲ್ಲಿ ನಿಲ್ಲಿಸಿದ್ದೆ. ಹೆಸರು ಬೇಡ. ಕ್ಯಾಶ್ ಕೌಂಟರ್ ಇದ್ದ ಜಾಗದಲ್ಲಿ ಎರಡು ಕಿಯೋಸ್ಕ್. ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ. ಬಸ್ಸು ನಿಂತಿದೆ, ಹತ್ತು ನಿಮಿಷ ಟೈಮ್. ಅವರ ಕೈಯಲ್ಲಿ ಮಡಚಿದ ನೂರರ ನೋಟು. ಸ್ಕ್ರೀನ್ ಮೇಲೆ ಇಂಗ್ಲಿಷ್. ಮೂಲೆಯಲ್ಲಿ ಭಾಷೆ ಬದಲಿಸೋ ಒಂದು ಗುರುತಿತ್ತು, ಅದು ಗ್ಲೋಬ್‌ನ ಚಿತ್ರ. ಭೂಗೋಳದ ಚಿತ್ರ ಒತ್ತಿದರೆ ಕನ್ನಡ ಬರುತ್ತೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಒತ್ತಿ ಕೊಟ್ಟೆ. ‘ನಿಮ್ಮ ಬುಟ್ಟಿಗೆ ವಸ್ತುವನ್ನು ಸೇರಿಸಲಾಗಿದೆ’ ಅಂತ ಬಂತು. ಅಜ್ಜಿ ಕೇಳಿದರು, ‘ಯಾವ ಬುಟ್ಟಿ?’

ಅವರಿಗೆ ಬೇಕಿದ್ದದ್ದು ಒಂದು ಬೈ-ಟೂ ಕಾಫಿ, ಒಂದರಲ್ಲಿ ಸಕ್ಕರೆ ಇಲ್ಲದ್ದು. ಆ ಯಂತ್ರದಲ್ಲಿ ಬೈ-ಟೂ ಇರಲಿಲ್ಲ. ನೋಟು ಹಾಕೋ ಕಿಂಡಿಯೂ ಇರಲಿಲ್ಲ. ನಾನು ಫೋನಲ್ಲಿ ಕಟ್ಟಿ ನೋಟು ತಗೊಂಡೆ, ಎರಡು ಪೂರ್ತಿ ಕಾಫಿ ಬಂತು. ‘ಸುಮ್ನೆ ದುಡ್ಡು ದಂಡ ಆಯ್ತಲ್ಲ’ ಅಂತ ಅಜ್ಜ ಬೇಜಾರು ಮಾಡ್ಕೊಂಡರು. ಹಿಂದೆ ಯಾರೂ ಇಲ್ಲದಿದ್ದರೆ ಅವರು ಏನೂ ಕುಡಿಯದೆ ಬಸ್ ಹತ್ತುತ್ತಿದ್ದರು, ಮತ್ತು ಆ ಹೋಟೆಲ್‌ನ ಯಾವ ರಿಪೋರ್ಟ್‌ನಲ್ಲೂ ಅದು ದಾಖಲಾಗ್ತಿರಲಿಲ್ಲ. ಕಿಯೋಸ್ಕ್ ಎಷ್ಟು ಆರ್ಡರ್ ಬಂತು ಅಂತ ಲೆಕ್ಕ ಇಡುತ್ತೆ. ಎಷ್ಟು ಜನ ನೋಡಿ ವಾಪಸ್ ಹೋದರು ಅಂತ ಅದಕ್ಕೆ ಗೊತ್ತಾಗಲ್ಲ.

ಬೈ-ಟೂ ಅನ್ನೋದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಹೋಟೆಲ್ ಸಂಸ್ಕೃತಿ ನಿಂತಿರೋದೇ ಮೆನುವಿನಲ್ಲಿ ಇಲ್ಲದ ಇಂಥ ಮಾತುಗಳ ಮೇಲೆ. ‘ಚಟ್ನಿ ಸ್ವಲ್ಪ ಜಾಸ್ತಿ.’ ‘ವಡೆ ಸಾಂಬಾರ್‌ನಲ್ಲಿ ಮುಳುಗಿಸಿ.’ ‘ದೋಸೆ ಗರಿಗರಿ ಬೇಡ, ಮಗು ತಿನ್ನುತ್ತೆ.’ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳ ಸಣ್ಣ ಹೋಟೆಲ್‌ಗಳಲ್ಲಿ ಇನ್ನೊಂದು ಮಾತಿದೆ: ‘ಲೆಕ್ಕಕ್ಕೆ ಬರ್ಕೊಳ್ಳಣ್ಣ.’ ವಾರದ ಬಟವಾಡೆ ಆದ ಮೇಲೆ ತೀರಿಸೋ ಬಾಕಿ. ಮಗ್ಗ ನಿಂತ ವಾರ ಹೊಟ್ಟೆ ತುಂಬಿಸೋದು ಆ ಒಂದು ಹಾಳೆ. ಅಂಥ ಕಡೆ ಮುಂಗಡ ದುಡ್ಡು ಕೇಳೋ ಕಿಯೋಸ್ಕ್ ಇಟ್ಟರೆ ಕೆಲವರ ಪಾಲಿಗೆ ಅದು ತಿಂಡಿಯೇ ಇಲ್ಲ ಅಂದಂಗೆ. ಯಂತ್ರಕ್ಕೆ ಮುಖ ಗುರುತು ಹಿಡಿಯೋಕೆ ಬರಬಹುದು, ‘ಇವನು ಶನಿವಾರ ಕೊಡ್ತಾನೆ’ ಅಂತ ನಂಬೋಕೆ ಬರಲ್ಲ.

ಕನ್ನಡದ ವಿಷಯಕ್ಕೆ ಬಂದರೆ, 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು. ಹೊರಗೆ ಬೋರ್ಡ್‌ನಲ್ಲಿ ದೊಡ್ಡದಾಗಿ ಕನ್ನಡ, ಒಳಗೆ ಅನ್ನ ಕೇಳೋ ಜಾಗದಲ್ಲಿ ಇಂಗ್ಲಿಷ್! ತಾಂತ್ರಿಕವಾಗಿ ಇದು ಕಷ್ಟದ ಕೆಲಸವೇ ಅಲ್ಲ. ಮೊದಲ ಸ್ಕ್ರೀನೇ ಕನ್ನಡದಲ್ಲಿರಲಿ, ಇಂಗ್ಲಿಷ್ ಬೇಕಾದವರು ‘English’ ಬದಲು ಚಿತ್ರ ಹುಡುಕುವ ಕಷ್ಟ ಪಡದಂತೆ ಒಂದು ಸ್ಪಷ್ಟ ಬಟನ್ ಇರಲಿ. ಮತ್ತು ಆ ಕನ್ನಡ ನಾವು ಆಡೋ ಕನ್ನಡ ಆಗಿರಲಿ. ‘ಪಾವತಿಗೆ ಮುಂದುವರಿಯಿರಿ’ ಬೇಡ, ‘ಬಿಲ್ ಮಾಡಿ’ ಸಾಕು.

ಸ್ಕ್ರೀನ್ ಸದ್ದಿಲ್ಲದೆ ಸೇರಿಸೋದು

ಕಿಯೋಸ್ಕ್ ಬಳಸೋ ನಾವು ನೀವು ಎಚ್ಚರ ಇರಬೇಕಾದ ಎರಡು ಮೂರು ಸಂಗತಿ ಇವೆ.

ಒಂದು, ಸರ್ವಿಸ್ ಚಾರ್ಜ್. ಬಿಲ್‌ಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾವೇ ಆರ್ಡರ್ ಮಾಡಿ, ನಾವೇ ತಟ್ಟೆ ತಂದು, ನಾವೇ ತಟ್ಟೆ ಇಡೋ ಕಡೆ ಸರ್ವಿಸ್ ಯಾರು ಮಾಡಿದ್ದು ಅಂತ ಕೇಳೋ ಹಕ್ಕು ನಮಗಿದೆ.

ಎರಡು, ಮೊದಲೇ ಟಿಕ್ ಹಾಕಿಟ್ಟ ‘ದೇಣಿಗೆ’, ‘ಟಿಪ್ಸ್’, ‘ಪ್ಯಾಕಿಂಗ್’. ನಾವು ಕೇಳದೆಯೇ ಬಿಲ್‌ಗೆ ನುಸುಳಿಸೋದನ್ನು 2023ರ ನವೆಂಬರ್‌ನಲ್ಲಿ ಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಗಳು ತಡೆಯುತ್ತವೆ. ಇಂಥ 13 ಬಗೆಯ ಚಾಲಾಕಿತನಗಳನ್ನು ಅವು ಪಟ್ಟಿ ಮಾಡಿವೆ. ದುಡ್ಡು ಕಟ್ಟೋ ಮೊದಲು ಕೊನೆಯ ಸ್ಕ್ರೀನ್ ಒಂದ್ಸಲ ಪೂರ್ತಿ ಓದಿ. ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಮೂರು, ನಂಬರ್ ಮತ್ತು ಗುರುತಿನ ಚೀಟಿ. ಇಡ್ಲಿ ತಿನ್ನೋಕೆ ಫೋನ್ ನಂಬರ್ ಯಾಕೆ? ‘ಸ್ಕಿಪ್’ ಹುಡುಕಿ ಒತ್ತಿ. ಲಾಡ್ಜ್‌ನಲ್ಲಿ ಆಧಾರ್ ಕೊಡೋದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಂಡು ಫೋನಲ್ಲಿಟ್ಟಿರಿ. ಸ್ಕ್ಯಾನ್ ಆದ ಚಿತ್ರ ಎಲ್ಲಿ ಉಳಿಯುತ್ತೆ ಅಂತ ಕಿಯೋಸ್ಕ್ ಹೇಳಲ್ಲ, ಹೋಟೆಲ್‌ನವರನ್ನ ನಾವೇ ಕೇಳಬೇಕು.

ಹೋಟೆಲ್ ಮಾಲೀಕರಿಗೆ ನಾಲ್ಕು ಮಾತು

ಕಿಯೋಸ್ಕ್ ತನ್ನಿ, ಬೇಡ ಅನ್ನಲ್ಲ. ಹೋಟೆಲ್ ಕೆಲಸಕ್ಕೆ ಜನ ಸಿಗದೆ ನೀವು ಒದ್ದಾಡ್ತಿರೋದು ಗೊತ್ತು. ಆದರೆ ಒಂದು ಕ್ಯಾಶ್ ಕೌಂಟರ್ ಉಳಿಸಿಕೊಳ್ಳಿ, ನೆಟ್ ಹೋದ ದಿನ ನಿಮ್ಮನ್ನು ಕಾಪಾಡೋದೂ ಅದೇ. ಸ್ಕ್ರೀನ್‌ನ ಕೆಳಭಾಗಕ್ಕೆ ವೀಲ್‌ಚೇರ್‌ನಲ್ಲಿ ಕೂತವರ ಕೈ ಎಟುಕುತ್ತಾ ನೋಡಿ. ಬರೀ ಗಾಜಿನ ಮೇಲೆ ಬೆರಳಾಡಿಸಿದರೆ ಕಣ್ಣು ಕಾಣದವರಿಗೆ ಏನೂ ತಿಳಿಯಲ್ಲ, ಧ್ವನಿಯ ಸೌಲಭ್ಯ ಇದೆಯಾ ಅಂತ ಮಾರಾಟಗಾರರನ್ನು ಕೇಳಿ. ಇದಕ್ಕೆಲ್ಲ ಐಎಸ್ 17802 ಅನ್ನೋ ಭಾರತೀಯ ಮಾನದಂಡವೇ ಇದೆ. ಸಾಫ್ಟ್‌ವೇರ್ ಕೊಡುವವರ ಹತ್ತಿರ ಬೈ-ಟೂ, ಸಕ್ಕರೆ ಕಮ್ಮಿ, ಚಟ್ನಿ ಜಾಸ್ತಿ ಬಟನ್‌ಗಳನ್ನು ಹಟ ಹಿಡಿದು ಹಾಕಿಸಿಕೊಳ್ಳಿ. ಒಂದು ದಿನದ ಕೆಲಸ ಅದು, ‘ತುಂಬ ಕಷ್ಟ ಸಾರ್’ ಅಂದರೆ ನಂಬಬೇಡಿ, ಈ ಮಾತು ಹೇಳ್ತಿರೋದು ಅದೇ ಕಸುಬಿನವನು.

ಇನ್ನು ಕ್ಯಾಶ್‌ನಲ್ಲಿ ಕೂರ್ತಿದ್ದವರನ್ನು ಮನೆಗೆ ಕಳಿಸೋ ಬದಲು ಕಿಯೋಸ್ಕ್ ಪಕ್ಕ ನಿಲ್ಲಿಸಿ. ಯಾರಿಗೆ ಏನು ಇಷ್ಟ, ಯಾರಿಗೆ ಶುಗರ್, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ ಅವರಿಗೆ ಗೊತ್ತು. ಹೊಸಬರಿಗೆ ಒಂದು ವಾರ ಬೆರಳು ಹಿಡಿದು ತೋರಿಸಿದರೆ ಅರ್ಧ ಜನ ಕಲೀತಾರೆ. ಉಳಿದರ್ಧ ಜನಕ್ಕೆ ಚೀಟಿ ಬರೆದುಕೊಟ್ಟರೂ ನಿಮಗೆ ಬರೋ ದುಡ್ಡು ಅದೇ ಅಲ್ವಾ?

ನಿಮ್ಮೂರಿನ ಹೋಟೆಲ್‌ಗೂ ಕಿಯೋಸ್ಕ್ ಬಂದಿದ್ಯಾ? ಅಪ್ಪ ಅಮ್ಮನಿಗೆ ಅದರಲ್ಲಿ ಆರ್ಡರ್ ಮಾಡೋಕೆ ಬಂತಾ? ಕನ್ನಡ ಇತ್ತಾ, ನೋಟು ತಗೊಂಡಿತಾ? ಬರೆದು ತಿಳಿಸಿ. ಬೈ-ಟೂ ಬಟನ್ ಇರೋ ಕಿಯೋಸ್ಕ್ ಎಲ್ಲಾದರೂ ಕಂಡರೆ ಮೊದಲು ಅದನ್ನ ಬರೀರಿ, ಮುಂದಿನ ಭಾನುವಾರ ಗಾಡಿ ಅಲ್ಲಿಗೇ.